ವಂದನಾರ್ಪಣೆಯ ಹನ್ನೊಂದನೆಯ ಹೆಸರು

ಇದನ್ನು ಪೂರ್ತಿ ಕೇಳಿ. ಅರ್ಧ ಕೇಳಿದವರೆಲ್ಲ ನನ್ನನ್ನೇ ಬೈಯುತ್ತಿದ್ದಾರೆ.

ಬಹರೈನಿನ ನಮ್ಮ ಕನ್ನಡ ಚಾನೆಲ್ಲಿಗೆ ಈಗ ಮೂರು ತಿಂಗಳು. ಜುಫೈರಿನ ಒಂದು ಫ್ಲಾಟಿನ ಬೆಡ್‌ರೂಮೇ ಸ್ಟುಡಿಯೋ. ಮಾಲೀಕರು ಹರಿನಾಥಣ್ಣ, ಇಪ್ಪತ್ತೆರಡು ವರ್ಷ ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವರು. ವರದಿ, ಕ್ಯಾಮೆರಾ, ಚಹಾ ಮೂರೂ ನಾನೇ, ತನ್ವಿ. ಕಳೆದ ವಾರದವರೆಗೆ ನಮ್ಮ ದೊಡ್ಡ ಸುದ್ದಿಯೆಂದರೆ ಬುದಯ್ಯದ ತೋಟದಲ್ಲಿ ಬಸಳೆ ಬೆಳೆದದ್ದು.

ಆಗ ಸಿಕ್ಕಿದವರು ಉಪ್ಪಿನಂಗಡಿಯ ಇಮ್ತಿಯಾಝ್. ಅಸ್ಕರಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಅಲ್ಲಿನ ಫೋರ್ಮನ್, ನಮ್ಮ ಕರಾವಳಿಯವನೇ, "ಬಂಗಾಲಿಗಳ ಜಾತಿಯೇ ಇಷ್ಟು" ಎಂದು ಬೈದು ಬಾಂಗ್ಲಾದೇಶದ ಕೆಲಸಗಾರನೊಬ್ಬನ ಕೈಯನ್ನು ಪೈಪಿನಿಂದ ಹೊಡೆದು ಮುರಿದಿದ್ದ. ನೋಡಿದವರು ಹದಿನಾರು ಮಂದಿ. ಹೇಳಲು ಒಪ್ಪಿದವರು ಇವರೊಬ್ಬರೇ. ಏಟು ತಿಂದವನು ಕೊಟ್ಟ ದೂರಿನ ವಿಚಾರಣೆ ಸೋಮವಾರ.

"ಅಲ್ಲಿವರೆಗೆ ನಾನು ಅಂತ ಗೊತ್ತಾಗ್ಬಾರ್ದು ಮೇಡಂ. ಗೊತ್ತಾದ್ರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತಾನೆ. ಮತ್ತೆ ಸಾಕ್ಷಿ ಹೇಳುದು ಯಾರು?"

ಬರೀ ನೆರಳು ಕಾಣುವ ಹಾಗೆ ಲೈಟು ಇಟ್ಟವರು ಸ್ವತಃ ಹರಿನಾಥಣ್ಣ. ಬೆರಳಿನ ಉಂಗುರವನ್ನೂ ತೆಗೆಸಿದರು. ನಾನು ಸ್ವರವನ್ನು ಬಾವಿಯೊಳಗಿಂದ ಬಂದ ಹಾಗೆ ಮಾಡಿದೆ. ರೆಕಾರ್ಡಿಂಗ್ ಮುಗಿಯುವಾಗ ಹರಿನಾಥಣ್ಣ ಶಾಲು ಹಿಡಿದು ನಿಂತಿದ್ದರು.

"ಅತಿಥಿಗಳಿಗೆ ಶಾಲು ಹಾಕ್ಲಿಕ್ಕುಂಟಲ್ಲ?"

"ನೆರಳಿಗೆ ಶಾಲು ಹಾಕುದಾ ಹರಿನಾಥಣ್ಣ?"

ಬೇಸರದಿಂದ ಶಾಲು ಮಡಚಿಟ್ಟರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಮಧ್ಯಾಹ್ನ ನೇರಪ್ರಸಾರ. ಮೊದಲೇ ರೆಕಾರ್ಡ್ ಮಾಡಿದ್ದ ಸಂದರ್ಶನ ಚೆನ್ನಾಗಿಯೇ ಹೋಯಿತು. ಕೊನೆಗೆ ಹರಿನಾಥಣ್ಣ ಕೋಟು ಹಾಕಿ ಲೈವ್ ವಂದನಾರ್ಪಣೆಗೆ ಕೂತರು. ನಮ್ಮವರ ಕಾರ್ಯಕ್ರಮ ಊಟವಿಲ್ಲದೆ ಮುಗಿದೀತು, ವಂದನಾರ್ಪಣೆಯಿಲ್ಲದೆ ಮುಗಿಯದು. ಲೈಟು ಕೊಟ್ಟವರು, ಕುರ್ಚಿ ಕೊಟ್ಟ ಸುಲೈಮಾನ್, ಕೋಟಿಗೆ ಇಸ್ತ್ರಿ ಹಾಕಿದ ಲೀಲಾಕ್ಷಿ ಅಕ್ಕ... ಹತ್ತು ಹೆಸರು ಮುಗಿಯಿತು. ಅವರ ಕೈಯ ಚೀಟಿ ನನಗೆ ಕಂಡದ್ದು ಆಗ. ಹನ್ನೊಂದನೆಯದು: ಇಮ್ತಿಯಾಝ್, ಉಪ್ಪಿನಂಗಡಿ.

"ಅಸ್ಕರಿನಿಂದ ಬಂದು ಧೈರ್ಯವಾಗಿ ಮಾತಾಡಿದ ಶ್ರೀಯುತ..."

ನಾನು ಕ್ಯಾಮೆರಾದ ವಯರು ಕಿತ್ತೆ.

"ಎಂತ ಮಾರಾಯ್ತಿ ಇದು? ಇನ್ನೂ ಒಂಬತ್ತು ಜನ ಬಾಕಿ ಉಂಟು. ನಾಳೆ ನಾನು ಅವರ ಮುಖ ನೋಡುದು ಹೇಗೆ?"

ನಾನು ಚೀಟಿಯ ಮೇಲೆ ಬೆರಳಿಟ್ಟೆ. ಹರಿನಾಥಣ್ಣ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

"ಮುಖ ಮುಚ್ಚಿದ್ದೂ ನಾನೇ, ಹೆಸರು ಬರ್ದದ್ದೂ ನಾನೇ," ಎಂದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು.

ಅರ್ಧ ಗಂಟೆಯಲ್ಲಿ ಇಮ್ತಿಯಾಝ್ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

"ಫೋರ್ಮನ್ ನಮ್ಮ ಲೇಬರ್ ಕ್ಯಾಂಪಿನಲ್ಲಿ ನನ್ನ ಪಕ್ಕದಲ್ಲೇ ಕೂತು ನೋಡಿದ ಮೇಡಂ. ಯಾರು ಮಾರಾಯ ಈ ಜನ ಅಂತ ನನ್ನತ್ರವೇ ಕೇಳಿದ. ನಂಗೂ ಗೊತ್ತಾಗ್ಲಿಲ್ಲ ಅಂದೆ."

"ಅಬ್ಬ, ಬಚಾವ್."

"ಬಚಾವ್ ಹೌದು. ಆದ್ರೆ ಊರಲ್ಲಿ ನನ್ನ ಉಮ್ಮ ನೆರೆಕರೆಯವರನ್ನೆಲ್ಲ ಕೂರಿಸಿಕೊಂಡು ನೋಡ್ತಾ ಇದ್ರು. ಮುಖವೂ ಇಲ್ಲ, ಸ್ವರವೂ ನಿಂದಲ್ಲ, ಒಂದು ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ, ನೀನು ಟೀವಿಗೆ ಹೋದದ್ದಾದ್ರೂ ಹೌದಾ ಅಂತ ಕೇಳ್ತಾರೆ. ಒಂದು ಸಲ, ಮೆಲ್ಲ, ನನ್ನ ಹೆಸರು ಹೇಳಿಬಿಡಿ ಮೇಡಂ. ಫೋರ್ಮನ್ ಈಗ ಮಲಗಿದ್ದಾನೆ."

ಸ್ಪೀಕರಿನಲ್ಲಿ ಕೇಳಿದ ಹರಿನಾಥಣ್ಣ ಆಗಲೇ ಮತ್ತೆ ವಂದನಾರ್ಪಣೆಗೆ ಕೋಟಿನ ಗುಂಡಿ ಹಾಕುತ್ತಿದ್ದರು. ಸೋಮವಾರಕ್ಕೆ ಇನ್ನೂ ಮೂರು ದಿನ. ನಾನು ವಯರನ್ನು ಸುತ್ತಿ ನನ್ನ ಬ್ಯಾಗಿಗೆ ಹಾಕಿ ಮನೆಗೆ ಹೊರಟೆ. ಈಗ ಹೆಸರು ಬಾರದ ಆ ಒಂಬತ್ತು ಜನರೂ ಮಾತು ಬಿಟ್ಟಿದ್ದಾರೆ, ಇಮ್ತಿಯಾಝರ ತಾಯಿಯೂ ಬೈಯುತ್ತಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?