ಅತ್ತೆಮನೆಯ ಮೊಟ್ಟೆ, ಇರಾಕಿನ ಯುದ್ಧ

೨೦೦೩ರ ಈಸ್ಟರ್ ಬೆಳಿಗ್ಗೆ ಗಡಿಯ ಸೇತುವೆ ದಾಟುವಾಗಲೇ ಹೆಂಡತಿ ಹಲೀನಾಗೆ ಹೇಳಿದೆ: "ಊಟಕ್ಕೆ ಬರ್ತೀನಿ. ಯುದ್ಧಕ್ಕೆ ಮಾತ್ರ ನನ್ನ ಬಾಯಿಂದ ಒಂದು ಒಳ್ಳೆ ಮಾತೂ ಬರಲ್ಲ."

"ಪಾಪ, ಅಮೆರಿಕದವರು ಅದಕ್ಕೇ ಕಾಯ್ಕೊಂಡು ಕೂತಿದಾರೆ."

ನಾನು ಜರ್ಮನ್, ಅವಳು ಪೋಲಿಷ್. ನಮ್ಮ ಸರ್ಕಾರ ಇರಾಕ್ ಯುದ್ಧ ಬೇಡವೆಂದಿತ್ತು. ಅವರದು ಅಮೆರಿಕದ ಬೆನ್ನಿಗೆ ನಿಂತಿತ್ತು. ನಾನೂ ಹಳೆಯ ಹೊದಿಕೆಯ ಮೇಲೆ 'ಯುದ್ಧ ಬೇಡ' ಎಂದು ಬರೆದು ಬಾಲ್ಕನಿಗೆ ತೂಗುಹಾಕಿದ್ದೆ. ಒಳಗೆ ನನ್ನಿಬ್ಬರು ಮಕ್ಕಳು ಜುಟ್ಟು ಹಿಡಿದು ಬಡಿದಾಡುತ್ತಿದ್ದರು. ಅದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ ಬಿಡಿ.

ಹಲೀನಾಳ ತಮ್ಮ ಲೆಶೆಕ್ ಇರಾಕಿಗೆ ಹೋಗಲು ಸೈನ್ಯದಲ್ಲಿ ಹೆಸರು ಕೊಟ್ಟಿದ್ದ. ತಾಯಿಯಿಲ್ಲದ ಅವನ ಮಗಳು ಯಗೋದಾಳನ್ನು ನಾವು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅವನು ಹೋಗುವಂತಿಲ್ಲ. ಅಂದರೆ, ಇಡೀ ಜಗತ್ತಿನಲ್ಲಿ ಒಬ್ಬನೇ ಒಬ್ಬ ಸೈನಿಕನನ್ನು ತಡೆಯುವ ಅಧಿಕಾರ ನನ್ನ ಕೈಯಲ್ಲಿತ್ತು.

ಅತ್ತೆಮನೆಯಲ್ಲಿ, ಚರ್ಚಿನಲ್ಲಿ ಪವಿತ್ರ ಮಾಡಿಸಿ ತಂದ ಮೊಟ್ಟೆಯ ಹೋಳು ಹಿಡಿದು ಎಲ್ಲರೂ ಎಲ್ಲರಿಗೂ ಹಾರೈಸಲೇಬೇಕು. ಲೆಶೆಕ್ ನನ್ನತ್ತ ಬಂದ. ಬಾಯಿ ತುಂಬಿದ್ದರೆ ಹಾರೈಕೆ ತಪ್ಪುತ್ತದೆಂದು, ಎದುರಿಗಿದ್ದ ಖಾರದ ಬೇರಿನ ಗೊಜ್ಜನ್ನು ಒಂದು ಚಮಚ ತುಂಬ ಬಾಯಿಗಿಟ್ಟೆ. ನಮ್ಮ ಕಡೆ ಅದಕ್ಕೆ ಕೆನೆ ಬೆರೆಸಿ ಪಳಗಿಸಿರುತ್ತಾರೆ. ಅತ್ತೆಯದು ಪಳಗಿದ್ದಲ್ಲ. ಕಣ್ಣು, ಮೂಗು ಎಲ್ಲ ಸುರಿಯತೊಡಗಿತು.

"ನೋಡೇ ಹಲೀನಾ, ಅಳಿಯಂದಿರು ಅಳ್ತಿದಾರೆ!" ಅತ್ತೆ ನನ್ನನ್ನು ತಬ್ಬಿಕೊಂಡರು. "ಜರ್ಮನ್ ಅಂತ ನಾನು ಏನೇನೋ ಅಂದ್ಬಿಟ್ಟಿದ್ದೆ."

ಅಲ್ಲ ಎನ್ನಲು ನಾಲಿಗೆಯೇ ಇರಲಿಲ್ಲ.

ಲೆಶೆಕ್ ನೀರು ಕೊಟ್ಟ. "ಭಾವ, ನಿಮ್ಮ ತಾತಂದಿರು ನಮ್ಮ ಮೇಲೆ ಬಿದ್ದಾಗ ನಮ್ಮ ದೋಸ್ತರೆಲ್ಲ ಬಾಯಲ್ಲೇ ಯುದ್ಧ ಮಾಡಿದ್ರು. ನಾಳೆ ಮತ್ತೆ ಯಾರಾದ್ರೂ ಬಂದ್ರೆ ಅಮೆರಿಕದವನಾದ್ರೂ ನಮ್ಮ ನೆರವಿಗೆ ಬರ್ಬೇಕಲ್ಲ? ಅದಕ್ಕೇ ಹೋಗೋದು."

"ನಮ್ಮ ತಾತ ಬಿದ್ದಿದ್ದಕ್ಕೇ ಕಣೋ ನಾನು ಬೇಡ ಅನ್ನೋದು!"

"ಸರಿ, ಬೇಡ ಅನ್ನಿ. ಹೆಸರು ವಾಪಸ್ ತಗೋತೀನಿ. ಯಗೋದಾನ ಇಟ್ಕೋತೀರೋ, ಇಲ್ವೋ?"

ಅತ್ತೆಯ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಯಗೋದಾ ತನ್ನ ಅಂಗಿಯ ತೋಳಿನಿಂದ ನನ್ನ ಮೂಗು ಒರೆಸುತ್ತಿದ್ದಳು.

"ಇಟ್ಕೋತೀವಿ," ಎಂದೆ. "ಆದ್ರೆ ಇದು ಯುದ್ಧಕ್ಕೆ ಬೆಂಬಲ ಅಲ್ಲ, ತಿಳ್ಕೋ."

ಲೆಶೆಕ್ ಗಹಗಹಿಸಿ ನಕ್ಕ. "ನಿಮ್ಮ ಸರ್ಕಾರಾನೂ ಹಿಂಗೇ ಭಾವ! ಯುದ್ಧ ಬೇಡ ಅನ್ನುತ್ತೆ, ಅಮೆರಿಕದ ವಿಮಾನಕ್ಕೆ ಆಕಾಶ ಬಿಟ್ಕೊಡುತ್ತೆ."

ಮೊಟ್ಟೆಯ ಹೋಳನ್ನು ಅವನತ್ತ ಚಾಚಿದೆ.

"ಗೆದ್ದು ಬಾ ಅನ್ನಲ್ಲ," ಎಂದೆ. "ಸೋತಾದ್ರೂ ಸರಿ, ವಾಪಸ್ ಬಾ."