ಸಡಿಲ ಬಿದ್ದ ಅಂಚು

ಸತ್ಯವ್ವನಿಗೆ ಬೇಕಾಗಿದ್ದುದು ಒಂದೇ ಮಾತು: ಗಂಡನ ಬಲಗೈ ಮತ್ತೆ ಆಡುತ್ತದೆ. ಇಳಕಲ್ಲಿನ ಮನೆಯಲ್ಲಿ ಸೀರೆ ನೇಯುತ್ತಿದ್ದ ಅಮಾತೆಪ್ಪ ಅಂದು ಮುಂಜಾನೆ ಮಗ್ಗದ ಕುಣಿಯಲ್ಲಿ ಕೂತಲ್ಲೇ ವಾಲಿದ್ದ. ಬಾಯಿ ಸೊಟ್ಟಗಾಗಿ ಬಲಗೈ ಜೋತುಬಿದ್ದಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ! ಮೈದುನ ಶಿವಪುತ್ರ ಹಿಗ್ಗಿ ಹೀರೇಕಾಯಿಯಾಗಿ ಊರಿಗೆಲ್ಲ ಫೋನು ಹಚ್ಚಿದ.

"ಅಷ್ಟು ಲಗೂ ಖುಷಿ ಪಡಬ್ಯಾಡ್ರಿ," ಅಂದರು ಡಾಕ್ಟರ್ ಪ್ರಿಯದರ್ಶಿನಿ. "ಮೆದುಳಿಗೆ ರಕ್ತ ಹೋಗೂದು ನಿಂತ್ರ ಮೊದಲಿಗೆ ಚಿತ್ರದಾಗ ಕಾಣಂಗಿಲ್ಲ. ರಕ್ತದ ರಿಪೋರ್ಟ್ ನೋಡಿದ್ರ ಪೆಟ್ಟು ದೊಡ್ಡದು ಅನಸ್ತೈತಿ. ನಾಳಿ ಮತ್ತೊಮ್ಮೆ ಸ್ಕ್ಯಾನ್ ಮಾಡೂಣು."

"ಚಿತ್ರ ಕಣ್ಣಿಗೆ ಕಾಣ್ತೈತಲ್ರಿ ಮೇಡಂ. ರಕ್ತಕ್ಕೇನು ಗೊತ್ತು?" ಅಂದ ಶಿವಪುತ್ರ.

ಡಾಕ್ಟರ್ ಸತ್ಯವ್ವನ ಕಡೆ ತಿರುಗಿದರು. "ನಿನ್ನೆ ಏನರ ಫರಕ ಕಂಡಿತ್ತೇನ್ರಿ? ಕೈಯಾಗ, ಕಾಲಾಗ?"

"ಇಲ್ರಿ. ನಿನ್ನೆ ಸಂಜಿತನಕಾ ನೇಯ್ದಾರ." ಸತ್ಯವ್ವ ಆಣೆ ಮಾಡಿ ಹೇಳಿದಳು. ಅವಳ ಮಟ್ಟಿಗೆ ಅದು ಖರೆಯೇ ಆಗಿತ್ತು, ಪಾಪ.

ಮರುದಿನದ ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗ ಕಪ್ಪಾಗಿ ಕಂಡಿತು. ರಕ್ತ ಹೇಳಿದ್ದೇ ನಿಜವಾಯಿತು. "ಕೈ ಬರೂದು ಕಷ್ಟ ಐತಿ ಯವ್ವಾ, ಮಾತೂ ಅಷ್ಟ," ಎಂದರು ಡಾಕ್ಟರ್. ಶಿವಪುತ್ರ ಆಮೇಲೆ ಯಾರಿಗೂ ಫೋನು ಮಾಡಲಿಲ್ಲ.

ಗಂಡನನ್ನು ಮನೆಗೆ ತಂದು ಮಗ್ಗದ ಎದುರಿನ ಮಂಚದ ಮೇಲೆ ಮಲಗಿಸಿದರು. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಧೂಳು ಒರೆಸಲು ಹೋದ ಸತ್ಯವ್ವನ ಬೆರಳು ಕೊನೆಯ ಗೇಣಿನಲ್ಲಿ ನಿಂತುಬಿಟ್ಟಿತು. ಅಂಚು ಸಡಿಲವಾಗಿ ಎಳೆಗಳು ಹೊರಗೆ ಜೋತಿದ್ದವು. ಲಾಳಿಯ ಹಗ್ಗ ಜಗ್ಗುವುದು ಬಲಗೈ. ಇದನ್ನು ನೇಯುವಾಗಲೇ ಆ ಕೈಯಲ್ಲಿ ಕಸುವು ಇರಲಿಲ್ಲ.

ಅಯ್ಯೋ, ಇದನ್ನವಳು ಅವನು ವಾಲಿಬಿದ್ದ ಹಿಂದಿನ ದಿನವೇ ನೋಡಿದ್ದಳಲ್ಲ! ನೋಡಿ, "ಧ್ಯಾಸ ಎಲ್ಲೈತ್ರಿ ನಿಮ್ದು? ಇಂಥಾ ಸೀರಿ ಯಾರು ಉಡತಾರ?" ಎಂದು ಮುಖಕ್ಕೆ ಹೊಡೆದಂತೆ ಅಂದಿದ್ದಳು. "ಕೈ ಜೋಮು ಹಿಡದೈತಿ" ಅಂದಿದ್ದ ಅಮಾತೆಪ್ಪ. ನೇಕಾರರ ಮನೆಯಲ್ಲಿ ಜೋಮು ಯಾರಿಗೆ ಹಿಡಿಯುವುದಿಲ್ಲ? ಎಣ್ಣೆ ತಿಕ್ಕಿಕೊಂಡು ನೇಯಿರಿ ಅಂದಿದ್ದಳು. ನೇಯ್ದಿದ್ದ.

ಅವಳು ಆ ಅಂಚು ಹಿಡಿದೇ ತಿರುಗಿ ನೋಡಿದಳು. ಅಮಾತೆಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ಬೈಸಿಕೊಳ್ಳುವವನಂತೆ ಕಣ್ಣು ತಗ್ಗಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ, ಮೆಲ್ಲಗೆ ಚಾದರದೊಳಗೆ ಮುಚ್ಚಿಟ್ಟುಕೊಂಡ.