ಒಳಗಿದ್ದದ್ದು ಬೇಕಾ?

“ಸತ್ತವರ ಬಾಯಿಗೆ ಒಂದು ಚಮಚ ನೀರು ಬಿಟ್ರೆ ನಿಮ್ಮ ಕೈ ಸವೀತದಾ ಅಣ್ಣಾ?”

ವಿನೋದಾ ಕಿರುಚಿದ್ದು ಕೆಳಗೆ ನಿಂತಿದ್ದ ಶವದ ಗಾಡಿಯ ಡ್ರೈವರನಿಗೂ ಕೇಳಿಸಿರಬೇಕು. ಉಲ್ಹಾಸನಗರದ ಮೂರನೆಯ ಮಾಳಿಗೆಯ ಒಂದೂವರೆ ಕೋಣೆಯ ಮನೆ. ನಡುವೆ ಚಾಪೆಯ ಮೇಲೆ ಅವಳ ಗಂಡ ಭುಜಂಗನ ಹೆಣ. ನಿನ್ನೆ ಸಂಜೆ ಕೆಲಸ ಮುಗಿಸಿ ಬರುವಾಗ ಕಲ್ಯಾಣ ಸ್ಟೇಷನ್ನಿನ ಸೇತುವೆ ಹತ್ತುತ್ತಾ ಕುಸಿದವನು ಏಳಲೇ ಇಲ್ಲ.

“ಸವೆಯುವುದಿಲ್ಲ. ಎತ್ತುವುದಿಲ್ಲ, ಅಷ್ಟೇ,” ಎಂದ ಹರಿಶ್ಚಂದ್ರ, ಬಾಗಿಲಿನ ಹೊರಗೇ ನಿಂತು. “ನೀನು ಸತ್ರೂ ನಿನ್ನ ಬಾಯಿಗೆ ನೀರು ಬಿಡ್ಲಿಕ್ಕಿಲ್ಲ ಅಂತ ಏಳು ವರ್ಷದ ಹಿಂದೆ ಅವನ ಮುಖಕ್ಕೇ ಹೇಳಿದ್ದೇನೆ. ನಾನು ಬಂದದ್ದು ಇವಳನ್ನು ಕರ್ಕೊಂಡು ಬರ್ಲಿಕ್ಕೆ. ಇವಳ ತಮ್ಮ ಅಲ್ವಾ.”

ಇವಳು ಎಂದರೆ ಲೋಲಾಕ್ಷಿ, ಅವನ ಹೆಂಡತಿ. ತಮ್ಮನ ತಲೆಯ ಬಳಿ ಕುಳಿತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡಳು.

“ಹರಿಶ್ಚಂದ್ರ ಅಂತ ಹೆಸರಿಟ್ಟ ತಪ್ಪಿಗೆ ಕೊಟ್ಟ ಮಾತನ್ನು ಇಷ್ಟು ಗಟ್ಟಿ ಹಿಡ್ಕೊಳ್ಬೇಕಾ ಮಾರಾಯ್ರೇ?” ಎಂದರು ಕನ್ನಡ ಸಂಘದ ಧರ್ಮಪಾಲ. “ಆ ಹರಿಶ್ಚಂದ್ರ ಸುಡುಗಾಡಿನಲ್ಲಿ ನಿಂತು ಕೆಲಸ ಆದ್ರೂ ಮಾಡಿದ. ನೀವು ಹೊಸ್ತಿಲೇ ದಾಟುವುದಿಲ್ಲ!”

ಒಬ್ಬಿಬ್ಬರು ನಗು ತಡೆದುಕೊಂಡು ಕೆಮ್ಮಿದರು. ವಿನೋದಾ ನಗಲಿಲ್ಲ. ಮುನಿಸಿಕೊಂಡವರು ಬಾಯಿಗೆ ತುಳಸಿ ನೀರು ಬಿಡದೆ ಹೆಣ ಎತ್ತಿದರೆ, ಸತ್ತವರು ಆ ಮುನಿಸನ್ನು ಹೊತ್ತುಕೊಂಡೇ ಹೋಗುತ್ತಾರೆ ಎಂಬುದು ಅವಳ ತವರಿನ ನಂಬಿಕೆ. ಬೆಳಗಿನಿಂದ ಅದೊಂದೇ ಹಟ.

“ಛೋಡೋ ನಾ ಮಮ್ಮಿ,” ಎಂದ ಮಗ ಕೀರ್ತನ್. “ಸ್ಮಶಾನ್ ಮೇ ಬಾರಾ ಬಜೇ ಕಾ ನಂಬರ್ ಹೈ. ಗಾಡಿವಾಲಾ ಚಿಲ್ಲಾ ರಹಾ ಹೈ.”

“ಹನ್ನೆರಡರ ನಂಬರ್ ತಪ್ಪಿದ್ರೆ ತಪ್ಪಲಿ, ಗಾಡಿಯವನು ಕಿರುಚಿದ್ರೆ ಕಿರುಚಲಿ. ನಿಮ್ಮಪ್ಪ ಜೀವ ಇರುವಾಗ ಹೊತ್ತದ್ದು ಸಾಕು. ಈಗಲೂ ಹೊತ್ಕೊಂಡು ಹೋಗ್ಬೇಕಾ?”

*

ಹರಿಶ್ಚಂದ್ರ–ಲೋಲಾಕ್ಷಿಗೆ ಇದ್ದದ್ದು ಒಬ್ಬಳೇ ಮಗಳು, ತನ್ವಿ. ಎರಡು ಸಾವಿರದ ಏಳರ ಮಳೆಗಾಲದಲ್ಲಿ ಡೆಂಗೀ ಬಂದು ನಾಲ್ಕೇ ದಿನದಲ್ಲಿ ಹೋದಳು. ಹದಿನೆಂಟು ತುಂಬಿರಲಿಲ್ಲ.

ಡೊಂಬಿವಲಿಯ ಅವರ ಮನೆಯಲ್ಲಿ ಭುಜಂಗನೇ ಜೋಡಿಸಿ ಕೊಟ್ಟ ಕಂಪ್ಯೂಟರ್ ಇತ್ತು. ಸಂಘದ ಭಾಷಣ ಸ್ಪರ್ಧೆಗೆಂದು ತನ್ವಿ ಅದರಲ್ಲಿ ತನ್ನ ಧ್ವನಿ ತುಂಬಿಸಿಟ್ಟಿದ್ದಳು. ಎರಡು ನಿಮಿಷದ ಭಾಷಣ. ನಡುವೆ ಅಡುಗೆಮನೆಯ ಸದ್ದು ಕೇಳಿ, “ಅಮ್ಮಾ, ಆ ಮಿಕ್ಸರ್ ನಿಲ್ಸು!” ಎಂದು ಕಿರುಚಿ, ನಕ್ಕು, ಮತ್ತೆ “ಸಭಿಕರೇ” ಎಂದು ಶುರು ಮಾಡುತ್ತಾಳೆ. ಮಗಳ ಧ್ವನಿ ಎಂದು ಈ ಲೋಕದಲ್ಲಿ ಉಳಿದದ್ದು ಅಷ್ಟೇ.

ಹರಿಶ್ಚಂದ್ರ ತುರ್ಭೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಅದನ್ನೊಮ್ಮೆ ಕೇಳುತ್ತಿದ್ದ. ಒಳಗೆ ಚಟ್ನಿ ರುಬ್ಬುತ್ತಿದ್ದ ಲೋಲಾಕ್ಷಿಯ ಕೈ, ಮಗಳು ಕಿರುಚಿದ ಕೂಡಲೇ, ತಾನಾಗಿಯೇ ಮಿಕ್ಸರಿನ ಸ್ವಿಚ್ಚಿಗೆ ಹೋಗುತ್ತಿತ್ತು. ದಿನಾ. ಒಂದು ವರ್ಷ.

ಕಂಪ್ಯೂಟರನ್ನು ನಂಬಬಾರದು, ಸಿ.ಡಿ.ಗೆ ಹಾಕಿಡಿ ಎಂದು ಯಾರೋ ಹೇಳಿದರು. ನೋಡಿದರೆ ಸಿ.ಡಿ. ಹಾಕುವ ತಟ್ಟೆ ಹೊರಗೆ ಬರುವುದೇ ಇಲ್ಲ. ಒಳಗೆ ಯಾವುದೋ ಹಳೆಯ ಸಿನಿಮಾದ ಸಿ.ಡಿ. ಸಿಕ್ಕಿಕೊಂಡಿತ್ತು.

“ನಿನ್ನ ತಮ್ಮನಿಗೆ ಹೇಳಿ ಡಿಸ್ಕಿಂದು ಹೊಸತು ಹಾಕಿಸು,” ಎಂದು ಹರಿಶ್ಚಂದ್ರ ಡ್ಯೂಟಿಗೆ ಹೋದ. ಭುಜಂಗ ಬಂದು ಕಂಪ್ಯೂಟರಿನ ಡಬ್ಬವನ್ನು ಸ್ಕೂಟರಿನ ಮೇಲೆ ಉಲ್ಹಾಸನಗರದ ತನ್ನ ರಿಪೇರಿ ಅಂಗಡಿಗೆ ಒಯ್ದ. ಎರಡು ದಿನ ಬಿಟ್ಟು ಫೋನು ಬಂತು.

“ಅಕ್ಕಾ, ಎಂತ ಹಾಳಾಗಿದೆ ಅಂದ್ರು ಭಾವ?”

“ಡಿಸ್ಕ್ ಮಾರಾಯ. ಹೊಸತು ಹಾಕ್ಬೇಕಂತೆ.”

“ಹೌದು, ಅದು ಕಟಕಟ ಅಂತದೆ. ಹೆಚ್ಚು ದಿನ ಬಾರ್ಲಿಕ್ಕಿಲ್ಲ.” ಆಮೇಲೆ, “ಒಳಗಿದ್ದದ್ದು ಬೇಕಾ?”

ಲೋಲಾಕ್ಷಿಯ ಕಣ್ಣ ಮುಂದೆ ಬಂದದ್ದು ತಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಆ ಸಿನಿಮಾದ ಸಿ.ಡಿ.

“ಅದೆಂತಕ್ಕೆ? ಬಿಸಾಡು.”



“ನಿಜವಾಗ್ಲೂ ಬೇಡವಾ ಅಕ್ಕಾ?”

“ಎಷ್ಟು ಸಲ ಕೇಳ್ತೀಯಾ? ಬೇಡ ಅಂದ್ನಲ್ಲ.”

“ಆಯ್ತು. ಹಾಗೆ ಮಾಡಿದ್ದೇ ಒಳ್ಳೇದು. ಎಷ್ಟು ದಿನ ಅಂತ ಅಳುವುದು,” ಎಂದ ಭುಜಂಗ. ಅಷ್ಟರಲ್ಲಿ ಅವಳು ಹಾಕಿದ್ದ ಮಿಕ್ಸರಿನ ಸದ್ದಿನಲ್ಲಿ ಆ ಕೊನೆಯ ಮಾತು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.

ಕಂಪ್ಯೂಟರ್ ಮನೆಗೆ ಬಂತು. ಸಿ.ಡಿ. ತಟ್ಟೆ ಮೊದಲಿನಂತೆಯೇ ಬಿಗಿದುಕೊಂಡಿತ್ತು. ಒಳಗೆ ತನ್ವಿ ಮಾತ್ರ ಇರಲಿಲ್ಲ. ಭುಜಂಗ ಬದಲಾಯಿಸಿದ್ದು ತಟ್ಟೆಯನ್ನಲ್ಲ, ತುಂಬಿಸಿಟ್ಟದ್ದೆಲ್ಲ ಇರುವ ಹಾರ್ಡ್ ಡಿಸ್ಕನ್ನು.

ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲೇ ಉಲ್ಹಾಸನಗರಕ್ಕೆ ಓಡಿದರು. ಹಳೆಯ ಡಿಸ್ಕ್ ಗುಜರಿಗೆ ಹೋಗಿ, ಗುಜರಿಯವನು ಅದನ್ನು ಸುತ್ತಿಗೆಯಿಂದ ಒಡೆದು ಅಲ್ಯುಮಿನಿಯಮ್ ಬೇರೆ ಮಾಡಿಯೂ ಆಗಿತ್ತು. ಹರಿಶ್ಚಂದ್ರ ಗಿರಾಕಿಗಳ ಎದುರಿಗೇ ಭುಜಂಗನ ಕೆನ್ನೆಗೆ ಹೊಡೆದ.

“ತೆಗೆಯುವ ಮೊದಲು ಒಂದು ಮಾತು ಕೇಳ್ಬೇಕು ಅಂತ ಅನಿಸಲಿಲ್ವಾ ನಿನಗೆ?”

ಭುಜಂಗ ಅಕ್ಕನ ಕಡೆ ನೋಡಿದ. ಒಂದೇ ಸಲ. ಅವಳು ಮುಖ ಬಿಳುಚಿಕೊಂಡು ನಿಂತಿದ್ದಳು.

“ತಪ್ಪಾಯ್ತು ಭಾವ. ಕೇಳದೆ ತೆಗೆದೆ,” ಎಂದ.

ರಾತ್ರಿ ಅವನೇ ಅವಳಿಗೆ ಫೋನು ಮಾಡಿದ. “ನೀನು ಬಾಯಿ ಬಿಡಬೇಡ. ಭಾವ ನನ್ನನ್ನು ಬಿಟ್ರೆ ಒಬ್ಬ ಭಾವಮೈದುನ ಹೋದ, ಅಷ್ಟೇ. ನಿನ್ನನ್ನು ಬಿಟ್ರೆ ನಿನಗೆ ಯಾರುಂಟು? ಸಿಟ್ಟು ಇಳೀಲಿ, ಆಮೇಲೆ ಹೇಳುವ.”

ಮರುದಿನ ಬೆಳಿಗ್ಗೆ ಮಿಕ್ಸರ್ ಎಲ್ಲಿಯೂ ನಿಲ್ಲದೆ ಓಡಿತು. ಲೋಲಾಕ್ಷಿಗೆ ಒಂದು ಗಳಿಗೆ ಎದೆ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೇ ಅವಳು ಹೆದರಿದಳು. ಆ ಹೆದರಿಕೆ ಅವಳ ಬಾಯಿಯನ್ನು ಇನ್ನಷ್ಟು ಗಟ್ಟಿಯಾಗಿ ಹೊಲಿಯಿತು.

ಸಿಟ್ಟು ಇಳಿಯಲಿಲ್ಲ. ಇವನ ಕೈಗೆ ಕಂಪ್ಯೂಟರ್ ಕೊಡಬೇಡಿ ಎಂದು ಹರಿಶ್ಚಂದ್ರ ಸಂಘದಲ್ಲಿ, ಹೋಟೆಲಿನಲ್ಲಿ, ರೈಲಿನಲ್ಲಿ ಹೇಳಿಕೊಂಡು ತಿರುಗಿದ. ಊರಿನವರ ಕೆಲಸವನ್ನೇ ನಂಬಿದ್ದ ಅಂಗಡಿ ಎರಡು ವರ್ಷಕ್ಕೆ ಮುಚ್ಚಿತು. ಭುಜಂಗ ಮಹಾಪೆಯಲ್ಲಿ ಒಂದು ಕಂಪೆನಿಗೆ ಸೇರಿ, ಮಾಳಿಗೆಯಿಂದ ಮಾಳಿಗೆಗೆ ಕಂಪ್ಯೂಟರ್ ಹೊರತೊಡಗಿದ. ರಿಪೇರಿ ಮಾಡಲು ಅಲ್ಲಿ ಬೇರೆ ಹುಡುಗರಿದ್ದರು.

*

“ಪಾಪ, ಕೈ ಒಳ್ಳೇದಿತ್ತು ಅವನದ್ದು,” ಎನ್ನುತ್ತಿದ್ದರು ಧರ್ಮಪಾಲ, ಹೆಣದ ಪಕ್ಕ ನಿಂತು. “ನನ್ನ ಸತ್ತ ಟಿ.ವಿ.ಯನ್ನೇ ಎಬ್ಬಿಸಿದ್ದ. ಅದೊಂದು ಸಲ ಕೇಳದೆ ಕೈ ಹಾಕಿದ ನೋಡಿ...”

“ಅದನ್ನೇ ನಾನೂ ಹೇಳುವುದು!” ಹರಿಶ್ಚಂದ್ರನ ಗಂಟಲು ಏರಿತು. “ಒಂದು ಫೋನು. ಒಂದೇ ಒಂದು ಮಾತು ಕೇಳಿದ್ರೆ ನನ್ನ ಮಗಳು...”

“ಕೇಳಿದ್ದ,” ಎಂದಳು ಲೋಲಾಕ್ಷಿ.

ಅವಳ ದನಿ ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ಕೀರ್ತನ್ ಕಿವಿಯಿಂದ ಮೊಬೈಲು ಇಳಿಸಿದ.

“ಫೋನು ಮಾಡಿ ಕೇಳಿದ್ದ. ಎರಡು ಸಲ. ಒಳಗಿದ್ದದ್ದು ಬೇಕಾ ಅಂತ. ನಾನು ಆ ಸಿ.ಡಿ. ಅಂದ್ಕೊಂಡು ಬಿಸಾಡು ಅಂದೆ. ನಮಗೆ ದುಃಖ ಮರೀಬೇಕೇನೋ ಅಂತ ಅವನು ತಿಳ್ಕೊಂಡಿದ್ನಂತೆ.”

ಹರಿಶ್ಚಂದ್ರ ಅವಳನ್ನೇ ನೋಡಿದ. “ನೀನು ಅಂದದ್ದಾ?”

“ನಾನೇ.”

“ಏಳು ವರ್ಷ?”

ಲೋಲಾಕ್ಷಿ ತಲೆಯಾಡಿಸಿದಳು.

ವಿನೋದಾ ಅಳುವುದನ್ನು ನಿಲ್ಲಿಸಿದ್ದಳು. “ಅಂಗಡಿ ಮುಚ್ಚುವ ದಿನ ಬಂದು, ಶಟರ್ ಹಿಡ್ಕೊಂಡು ಅತ್ತಿರಿ ಅತ್ತಿಗೆ. ನನ್ನ ಕಣ್ಣನ್ನೂ ಒರೆಸಿದಿರಿ. ಆಗ್ಲೂ ನಿಮಗೆ ಗೊತ್ತಿತ್ತು.” ಅವಳು ಎದ್ದು ಗಂಡನ ಇನ್ನೊಂದು ಬದಿಗೆ ಹೋಗಿ ಕುಳಿತಳು.

ಹರಿಶ್ಚಂದ್ರ ಚಪ್ಪಲಿ ಕಳಚಿ ಒಳಗೆ ಬಂದ. ಮೊಣಕಾಲೂರಿ, ತುಳಸಿ ಎಲೆಯಿಂದ ನೀರು ಬಿಟ್ಟ. ನೀರು ತುಟಿಯ ಅಂಚಿನಿಂದ ಇಳಿದು ಹೋಯಿತು. ಮತ್ತೆ ಬಿಟ್ಟ. ಅದೂ ಇಳಿಯಿತು. ಕೈವಸ್ತ್ರ ತೆಗೆದು ಭುಜಂಗನ ಕೆನ್ನೆ ಒರೆಸಿದ. ಹೊಡೆದ ಕೆನ್ನೆ ಅದೇ. ಕೈವಸ್ತ್ರ ತುಂಬ ಹೊತ್ತು ಅಲ್ಲೇ ನಿಂತಿತು.

“ಭುಜಂಗ, ಹೊಡೆದೆನಲ್ಲ ಮಾರಾಯ,” ಎಂದ.

ಎದ್ದವನು ಹೆಂಡತಿಯ ಪಕ್ಕದಿಂದಲೇ ದಾಟಿ ಹೋದ. “ಇವ್ರೇ,” ಎಂದು ಅವಳು ಕರೆದಳು. ಚಪ್ಪಲಿ ಮೆಟ್ಟಿಲಿಳಿಯುವ ಸದ್ದು ಕೇಳಿತು. ಕೆಳಗೆ ಗಾಡಿಯ ಹತ್ತಿರ ಇರುತ್ತಾರೆ ಎಂದುಕೊಂಡರು ಎಲ್ಲರೂ.

ಮೂರು ಗಂಟೆಗೆ ಗಂಡಸರು ಸ್ಮಶಾನದಿಂದ ಬಂದಾಗ ಲೋಲಾಕ್ಷಿ ಕೀರ್ತನನನ್ನು ಕೇಳಿದಳು, “ಮಾಮ ಎಲ್ಲಿ?”

“ಮಾಮಾ ತೋ ಗಾಡಿ ಮೇ ಬೈಠೇ ಹೀ ನಹೀಂ, ಅತ್ತೆ.”

ಗಂಡ ಗಾಡಿಯನ್ನೇ ಹತ್ತಿರಲಿಲ್ಲ. ಅವಳು ಒಬ್ಬಳೇ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಬಂದಳು. ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಗ್ಯಾಲರಿಗೆ ಹೋದಳು. ನಿನ್ನೆ ಒಗೆದ ಬಟ್ಟೆಗಳು ಮಳೆಯ ಥಂಡಿಗೆ ಇನ್ನೂ ಒಣಗಿರಲಿಲ್ಲ. ಅವಳ ಸೀರೆ ಇತ್ತು, ಲಂಗ ಇತ್ತು. ಗಂಡನ ಎರಡು ಅಂಗಿ, ಒಂದು ಪ್ಯಾಂಟು ಇರಲಿಲ್ಲ. ಒಣಗುವವರೆಗೂ ಕಾಯದೆ, ಹಸಿಯನ್ನೇ ಮಡಚಿಕೊಂಡು ಹೋಗಿದ್ದ.

ಹನ್ನೊಂದನೆಯ ದಿನದ ಕ್ರಿಯೆಗೂ ಅವನು ಬರಲಿಲ್ಲ. ಹೋಟೆಲಿಗೂ ಹೋಗಲಿಲ್ಲವಂತೆ. ಲೋಲಾಕ್ಷಿ ಈಗ ಬಟ್ಟೆ ಹರಡುವಾಗ ಹಗ್ಗದ ಒಂದು ತುದಿಯಲ್ಲಷ್ಟೇ ಹರಡುತ್ತಾಳೆ. ಇನ್ನೊಂದು ತುದಿಯಲ್ಲಿ ಆರು ಕ್ಲಿಪ್ಪುಗಳು ಏನನ್ನೂ ಹಿಡಿಯದೆ ಕಚ್ಚಿಕೊಂಡು ನಿಂತಿವೆ.